ಸಿಬಿಟಿ ಮೇಡಮ್

ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಹಾಲು ಕಾಯಿಸುತ್ತಿದ್ದೆ. ಫೋನಿಟ್ಟು, ಹಾಲು ಉಕ್ಕುವವರೆಗೆ ಕಾದು, ಒಲೆ ಆರಿಸಿ, ಆಮೇಲೆ ಗಂಡನಿಗೆ ಹೇಳಿದೆ. ಏನಾಗಿತ್ತು ಎಂದರು. ಕ್ಯಾನ್ಸರ್ ಅಂತೆ ಎಂದೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಹಾಗೆನ್ನುವವರು ಯಾರೂ ಆಕೆಯ ಜೊತೆ ಒಂದೇ ಕೋಣೆಯಲ್ಲಿ ಕೆಲಸ ಮಾಡಿರಲಿಕ್ಕಿಲ್ಲ. ನಾನು ಹತ್ತಿರ ಹತ್ತಿರ ಒಂದು ವರ್ಷ ಮಾಡಿದ್ದೇನೆ. ನನಗಿಂತ ದೊಡ್ಡವಳು, ಹೆಚ್ಚು ಓದಿದವಳು, 'ಅವರು' ಎಂದೇ ಬರೆಯಬೇಕು. ಕೈ ಬರುತ್ತಿಲ್ಲ.

ಆಗ ನಾನು ಮುಂಡಗೋಡ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್, ಮೂರು, ನಾಲ್ಕನೆಯ ತರಗತಿ ಎರಡೂ ಒಂದೇ ಕೋಣೆಯಲ್ಲಿ ನನ್ನವು. ಗಂಡನ ಮನೆಯೂ ಅದೇ ಊರಿನಲ್ಲಿತ್ತು. ಊರ ಮೇಲ್ಗಡೆ ಕೆರೆ, ಕೆರೆಯ ಕೆಳಗೆ ಕೂಲಿಯವರ ಓಣಿ, ಅದರಾಚೆ ಗದ್ದೆ, ಎದುರಿನ ದಿಬ್ಬದ ಮೇಲೆ ನಮ್ಮ ಶಾಲೆ. ಒಂದು ಮಳೆಗಾಲ ಆ ಕೆರೆಯ ಏರಿ ಒಡೆಯಿತು. ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದರು. ಲಾರಿಯಿಂದ ಮಣ್ಣು ಸುರಿದಂಥ ಸದ್ದಾಯಿತು. ತಿರುಗಿ ನೋಡಿದರೆ ಓಣಿಯಲ್ಲಿ ಕೆಂಪು ನೀರು. ಮಕ್ಕಳು ವರಾಂಡದಲ್ಲಿ ಸಾಲಾಗಿ ನಿಂತು ತಮ್ಮ ತಮ್ಮ ಮನೆ ಕುಸಿಯುವುದನ್ನು ನೋಡಿದರು. ತಂದೆತಾಯಂದಿರು ಮೇಲಿನ ಹೊಲಗಳಿಗೆ ಕೂಲಿಗೆ ಹೋಗಿದ್ದರು. ಓಣಿಯಲ್ಲಿ ಉಳಿದಿದ್ದವರು ಮುದುಕರು, ಶಾಲೆಗೆ ಬರದ ಸಣ್ಣ ಕೂಸುಗಳು. ಅವರಲ್ಲಿ ಬಹಳ ಮಂದಿ ಬದುಕಲಿಲ್ಲ.

ಶಾಲೆ ಮತ್ತೆ ತೆರೆದಾಗ ಮಕ್ಕಳೆಲ್ಲ ಬಂದರು. ಆದರೆ ಯಾರೋ ನಲ್ಲಿ ತಿರುಗಿಸಿದರೆ ಅರ್ಧ ತರಗತಿ ಎದ್ದು ದಿಬ್ಬದ ತುದಿಗೆ ಓಡುತ್ತಿತ್ತು. ಮಳೆ ಹನಿ ತಗಡಿನ ಮೇಲೆ ಬಿದ್ದರೆ ಚಡ್ಡಿ ಒದ್ದೆ ಮಾಡಿಕೊಳ್ಳುವವರು, ತಂಗಿಯ ಫ್ರಾಕಿಗೆ ತನ್ನ ಫ್ರಾಕು ಗಂಟು ಹಾಕಿಕೊಂಡು ಕೂರುವವಳು. ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಎಡಗೈಯಲ್ಲಿ ಬರೆಯತೊಡಗಿದಳು. ಪೆಟ್ಟಾಗಿರಬೇಕೆಂದು ಮುಂಡಗೋಡದ ಆಸ್ಪತ್ರೆಗೆ ಕರೆದೊಯ್ದು ತೋರಿಸಿದೆ. ಕೈಗೆ ಏನೂ ಆಗಿಲ್ಲ ಎಂದರು.

ಆಗ ಬಂದವಳು ಈಕೆ. ಮಕ್ಕಳ ಮನಸ್ಸಿನ ಚಿಕಿತ್ಸೆಗೆಂದು ಧಾರವಾಡದ ಯಾವುದೋ ಸಂಸ್ಥೆ ಕಳಿಸಿತ್ತು. ದಾಂಡೇಲಿಯ ಅಂಬೇವಾಡಿಯವಳು, ಮುಂಡಗೋಡದಲ್ಲಿ ಒಂದು ಕೋಣೆ ಹಿಡಿದಿದ್ದಳು. ಬಡಕಲು ಮೈ, ಕಾಲಿಗೆ ಗಂಡಸರ ಬೂಟು, ಬಾಯಲ್ಲಿ ಸದಾ ಲವಂಗ. ಮೊದಲ ದಿನ ಪಾಲಕರನ್ನು ಕೂಡಿಸಿ, ತಾನು ಮಕ್ಕಳಿಗೆ ಸಿಬಿಟಿ ಮಾಡುತ್ತೇನೆ, ಮನಸ್ಸಿಗೆ ಬರುವ ವಿಚಾರ ಬದಲಾದರೆ ಹೆದರಿಕೆಯೂ ನಡವಳಿಕೆಯೂ ಬದಲಾಗುತ್ತದೆ ಎಂದಳು. ನಮ್ಮ ಕಡೆಯವರಿಗೆ ಸಿಬಿಟಿ ಅಂದರೆ ಹುಬ್ಬಳ್ಳಿಯ ಸಿಟಿ ಬಸ್‌ಸ್ಟ್ಯಾಂಡು. ಆ ಎಡಗೈ ಹುಡುಗಿಯ ಅಜ್ಜಿ ಎದ್ದು, ಅಲ್ಲಿಗೆ ಇಷ್ಟು ಹುಡುಗರನ್ನು ಯಾಕೆ ಒಯ್ಯಬೇಕು ಎಂದು ಕೇಳಿದಳು. ಎಲ್ಲರೂ ನಕ್ಕರು. ಈಕೆ ನಗಲಿಲ್ಲ. ಅಂದಿನಿಂದ ಊರಿಗೆಲ್ಲ ಸಿಬಿಟಿ ಮೇಡಮ್.

ನನ್ನ ಜೊತೆ ಮೊದಲ ಜಗಳ 'ಪಾಪ' ಎಂಬ ಶಬ್ದಕ್ಕೆ. ಯಾವುದೋ ಮಗುವಿನ ತಲೆ ಸವರಿ ಪಾಪ ಅಂದಿದ್ದೆ. ಮಕ್ಕಳ ಎದುರಿಗೇ ನನ್ನನ್ನು ತಡೆದಳು.

"ಟೀಚರ್, ಈ ಕೋಣ್ಯಾಗ ಪಾಪ ಅನಬ್ಯಾಡ್ರಿ. ನೀವು ದಿನಾ ಪಾಪ ಅಂದ್ರ, ತಮಗೇನೋ ಆಗಬಾರದ್ದು ಆಗೇತಿ, ಇನ್ನ ಸರಿ ಆಗೂದಿಲ್ಲ ಅಂತ ಅವು ತಿಳಕೋತಾವ."

ಹದಿನಾರು ವರ್ಷ ಪಾಠ ಹೇಳಿದವಳು ನಾನು. ನನ್ನ ಹೆಸರನ್ನು ಆಕೆ ಕೊನೆಯವರೆಗೂ ಕೇಳಲಿಲ್ಲ. ಯಾರ ಮನೆಯಲ್ಲೂ ಚಹಾ ಕುಡಿಯಲಿಲ್ಲ. ಮಧ್ಯಾಹ್ನ ನಾನು ಕರೆದರೂ ಬಾರದೆ ಬೇವಿನ ಗಿಡದ ಬುಡದಲ್ಲಿ ಒಬ್ಬಳೇ ಕೂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದಳು. ಬಿಸ್ಕಿಟು ಹಂಚಿ ಫೋಟೋ ತೆಗೆಸಿಕೊಳ್ಳಲು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿದಳು. ಅವರಲ್ಲಿ ಒಬ್ಬರು ತಾಲೂಕಿನ ದೊಡ್ಡ ಮನುಷ್ಯರು. ಬಿಸ್ಕಿಟು ಇಟ್ಟು ಹೋಗಿ, ಮಕ್ಕಳ ಮುಖ ಬಿಟ್ಟು ಹೋಗಿ ಎಂದಳು. ಆಮೇಲೆ ಅವರ ಮನೆಗೆ ಹೋಗಿ ಕೈಮುಗಿದು ಬಂದವರು ನಾವು.

ಆಕೆಯ ಕೆಲಸ ನೋಡಿದರೆ ಮೈ ಉರಿಯುತ್ತಿತ್ತು. ನೀರಿಗೆ ಹೆದರುವ ಮಕ್ಕಳ ನಡುವೆ ಕೊಡ ಇಟ್ಟು ಲೋಟದಿಂದ ಲೋಟಕ್ಕೆ ನೀರು ಸುರಿಯುತ್ತಿದ್ದಳು. ಅದಕ್ಕೂ ಮೊದಲು ಉಸಿರು ಹೇಗೆ ಬಿಡಬೇಕು, ಹೆದರಿಕೆ ಎದೆಯಲ್ಲಿದೆಯೋ ಹೊಟ್ಟೆಯಲ್ಲಿದೆಯೋ, ಕೈಬೆರಳಷ್ಟಿದೆಯೋ ಮೊಣಕಾಲಷ್ಟಿದೆಯೋ ಎಂದು ಹೇಳಲು ಕಲಿಸಿದ್ದಳು. ಹೆದರಿಕೆಗೆ ಮೆಟ್ಟಿಲು ಎನ್ನುತ್ತಿದ್ದಳು. ಲೋಟದ ನೀರು, ಕೊಡದ ನೀರು, ನಲ್ಲಿಯ ನೀರು, ಕಾಲುವೆ, ಎಲ್ಲಕ್ಕಿಂತ ಮೇಲೆ ಕೆರೆ. ಒಂದು ಮೆಟ್ಟಿಲಲ್ಲಿ ಎದೆಬಡಿತ ಇಳಿಯುವವರೆಗೆ ಮುಂದಿನದಕ್ಕೆ ಕಾಲಿಡುವಂತಿಲ್ಲ. ಆ ದಿನ ಏನಾಯಿತೆಂದು ಒಬ್ಬೊಬ್ಬರಿಂದಲೂ ಹೇಳಿಸುತ್ತಿದ್ದಳು. ಒಮ್ಮೆ ಅಲ್ಲ, ಮತ್ತೆ ಮತ್ತೆ. ಅಳುತ್ತಾ ಶುರು ಮಾಡಿದ ಮಗು ಕೆಲವು ವಾರಗಳಲ್ಲಿ ಬೇಸರದಿಂದ ಹೇಳುತ್ತಿತ್ತು, ನಡುವೆ ಆಕಳಿಸುತ್ತಿತ್ತು. ಆಕೆಗೆ ಬೇಕಾದ್ದು ಆ ಆಕಳಿಕೆ. ಗಾಯ ಕೆದರುತ್ತಿದ್ದಾಳೆ ಎಂದೇ ನಾನು ಶಿಕ್ಷಣ ಇಲಾಖೆಯವರಿಗೆ ಹೇಳಿದೆ. ಅವರೂ ಆಕೆಯ ಬಾಯಿಗೆ ಹೆದರಿ ಸುಮ್ಮನಾದರು.

ಎಡವಲೇ ಇಲ್ಲ ಅಂತಲ್ಲ. ಐದನೆಯ ತರಗತಿಯ ಹುಡುಗನೊಬ್ಬನನ್ನು ಅವಸರ ಮಾಡಿ ಕಾಲುವೆಗೆ ಕರೆದೊಯ್ದಳು. ಅವನು ಅಲ್ಲೇ ಕಣ್ಣು ಮೇಲೆ ಮಾಡಿ ಬಿದ್ದ. ಅವನಪ್ಪ ಶಾಲೆಯ ಅಂಗಳಕ್ಕೆ ಬಂದು ಎಲ್ಲರ ಎದುರು ಆಕೆಯ ಕೆನ್ನೆಗೆ ಹೊಡೆದ. ಹೆಣ್ಣುಮಗಳ ಮೇಲೆ ಕೈ ಮಾಡಿದ್ದು ತಪ್ಪು. ಆದರೂ ನನ್ನೊಳಗೆ ಏನೋ ತಣ್ಣಗಾದದ್ದು ನಿಜ. ಮರುದಿನ ಊದಿದ ಕೆನ್ನೆಯಲ್ಲೇ ಅವನ ಮನೆಗೆ ಹೋದಳು. ತಪ್ಪು ನಂದು, ಒಂದು ಮೆಟ್ಟಿಲು ಹಾರಿಸಿದೆ, ಮತ್ತೆ ಲೋಟದಿಂದ ಶುರು ಮಾಡುತ್ತೇನೆ ಎಂದಳಂತೆ. ಅವನಪ್ಪ ಹುಡುಗನನ್ನು ಮಾತ್ರ ಕಳಿಸಿದ.

ಆ ಎಡಗೈ ಹುಡುಗಿಯ ವಿಷಯ ಬಿಡಿಸಿದವಳೂ ಈಕೆಯೇ. ನಾನು ಆ ಮಗುವಿಗೆ ಬಳೆ ಕೊಡಿಸಿದ್ದೆ, ಬೈದಿದ್ದೆ, ಬಲಗೈಯಲ್ಲಿ ಪೆನ್ಸಿಲು ಹಿಡಿಸಿ ಮುಷ್ಟಿ ಮುಚ್ಚಿದ್ದೆ. ಈಕೆ ಒಂದು ಮಧ್ಯಾಹ್ನ ಅವಳ ಪಕ್ಕ ನೆಲದ ಮೇಲೆ ಕೂತು, ಮುಖ ನೋಡದೆ ಕೇಳಿದಳು.

"ಆ ಕೈ ಏನ್ ಮಾಡೇತಿ?"

ಹುಡುಗಿ ತೊಡೆಯ ಕೆಳಗಿನ ಕೈಯನ್ನು ಇನ್ನಷ್ಟು ಒತ್ತಿಕೊಂಡಿತು.

"ಏಡಿ ತೋಡೇತಿ."

ಕೆರೆ ಒಡೆಯುವ ಹಿಂದಿನ ದಿನ ನಾಲ್ಕಾರು ಮಕ್ಕಳು ಏರಿಯ ಮೇಲೆ ಏಡಿ ಹಿಡಿದಿದ್ದರು. ಬಿಲದಲ್ಲಿ ಕೈ ಹಾಕಿ ತೋಡಿ ಹಿಡಿಯುವುದು ನಮ್ಮೂರಲ್ಲಿ ಎಲ್ಲ ಮಕ್ಕಳೂ ಮಾಡುವ ಕೆಲಸ. ಏಡಿ ತೂತಿನಿಂದ ಗದ್ದೆಯ ಬದು ಸೋರುತ್ತದೆ ಎಂಬುದೂ ಎಲ್ಲರಿಗೂ ಗೊತ್ತು. ಕೆರೆ ಒಡೆದ ಮೇಲೆ ಯಾರ ಬಾಯಿಂದ ಮೊದಲು ಬಂತೋ, ಈ ಹುಡುಗರು ತೋಡಿದ್ದಕ್ಕೇ ಏರಿ ಹೋಯಿತು ಎಂಬ ಮಾತು ಊರೆಲ್ಲ ಹಬ್ಬಿತು. ಹುಡುಗಿಯ ಸಣ್ಣ ತಮ್ಮ ಮನೆಯಲ್ಲಿ ಮಲಗಿದ್ದವನು ನೀರಲ್ಲಿ ಹೋಗಿದ್ದ. ಅಜ್ಜಿ ಅವನನ್ನು ಮಲಗಿಸಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಆ ಅಜ್ಜಿ ದಿನಕ್ಕೊಮ್ಮೆಯಾದರೂ ಮೊಮ್ಮಗಳಿಗೆ, ತಮ್ಮನ್ನ ತಿಂದ ಕೈ ನಿಂದು ಎನ್ನುತ್ತಿದ್ದಳು.

ನಿನ್ನದೇನೂ ತಪ್ಪಿಲ್ಲ ಎಂದು ಮಗುವಿಗೆ ಹೇಳಿಬಿಡಿ ಎಂದೆ. ನೀವೇ ಹೇಳಿ ನೋಡಿ, ನಂಬುತ್ತಾಳೇನು ಎಂದು ಕೇಳಿದಳು. ಆಮೇಲೆ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದಳು. ನನ್ನ ತರಗತಿಯಿಂದ ನನ್ನನ್ನೇ. ಕಿಟಕಿಯಿಂದ ನೋಡಿದೆ. ಹುಣಸೆಬೀಜ ತಂದಿದ್ದಳು. 'ನಾನು ಕೆರೆ ಒಡೆದೆ' ಎನ್ನುವುದಕ್ಕೆ ಏನೇನು ಸಾಕ್ಷಿಯಿದೆಯೋ ಅಷ್ಟು ಬೀಜ ಒಂದು ಕಡೆ, ಇಲ್ಲ ಎನ್ನುವುದಕ್ಕೆ ಇನ್ನೊಂದು ಕಡೆ. ಹುಡುಗಿ ಮೊದಲ ಬೀಜ ಇಟ್ಟು 'ಅಜ್ಜಿ ಅಂದಳು' ಎಂದಿತು. ಮೇಡಮ್ ಬೀಜ ಎತ್ತಿ ತನ್ನ ಅಂಗೈಯಲ್ಲಿಟ್ಟುಕೊಂಡಳು. ಅಂದದ್ದು ಬೇರೆ, ಕಂಡದ್ದು ಬೇರೆ, ನೀನು ಏನು ಕಂಡಿ ಅದನ್ನು ಮಾತ್ರ ಇಡು ಎಂದಳು. ಹುಡುಗಿ ಇಡಲು ಮತ್ತೊಂದು ಬೀಜ ಹುಡುಕಿ ಹುಡುಕಿ ಸುಮ್ಮನೆ ಕೂತಿತು.

ಅಜ್ಜಿಯ ಮನೆಗೂ ಹೋದಳು. ಆಗ ಅವರೆಲ್ಲ ತಗಡಿನ ಶೆಡ್ಡುಗಳಲ್ಲಿದ್ದರು. ನಾನೂ ಜೊತೆಗಿದ್ದೆ. ಅಜ್ಜಿ ಎಂದಿನಂತೆ ಶುರು ಮಾಡಿದಳು. ಈಕೆ ಲವಂಗ ಕಡಿಯುತ್ತಾ ಪೂರ್ತಿ ಕೇಳಿಸಿಕೊಂಡಳು.

"ಕೂಸಿನ್ನ ಬಿಟ್ಟು ಗಿರಣಿಗೆ ಹ್ವಾದಾಕಿ ನೀನು ಅಂತ ನಾ ಅನ್ನೂದಿಲ್ಲ, ಅಜ್ಜಿ. ಅಂದ್ರ ನೀ ಬದುಕೂದಿಲ್ಲ. ನೀನೂ ಆಕಿಗೆ ಅನಬ್ಯಾಡ."

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಮೂಲೆಗೆ ಸರಿದಳು. ನೆರೆಯವರು ಬಂದು ಈಕೆಯ ಮೇಲೆ ಕೂಗಾಡಿದರು. ಮಗನ ಮಗನನ್ನು ಕಳೆದುಕೊಂಡ ಮುದುಕಿಗೆ ಹೀಗೆ ಅನ್ನುವವಳು ಹೆಣ್ಣೇ ಎಂದು ದಾರಿಯಲ್ಲಿ ನಾನೂ ಕೇಳಿದೆ. ಆಕೆ ಬಸ್ಸಿಗೆ ಕೈ ಮಾಡಿದಳು. ಅಜ್ಜಿ ಆಮೇಲೆ ಮೊಮ್ಮಗಳಿಗೆ ಹಾಗೆ ಅನ್ನಲಿಲ್ಲ. ಈ ಮಾತನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ನಡೆದದ್ದು ಹಾಗೆ.

ಮಳೆ ನಿಂತು ಭತ್ತದ ಕೊಯ್ಲು ಮುಗಿದ ಮೇಲೆ ಹುಡುಗಿಯನ್ನು ಗದ್ದೆಗೆ ಕರೆದೊಯ್ದು, ಬದುವಿನ ಒಂದು ಏಡಿ ಬಿಲಕ್ಕೆ ಕೈ ಹಾಕು ಎಂದಳು. ಮಗು ಒಂದು ವಾರ ಬಿಲ ನೋಡಿ ನೋಡಿ ವಾಪಸಾಯಿತು. ಕೊನೆಗೊಂದು ದಿನ ಹಾಕಿತು, ಆ ಬಲಗೈಯನ್ನೇ. ಮೊಣಕೈ ದಾಟಿ ಬಿಲ ಮುಗಿಯಿತು. ಅಲ್ಲಿಂದ ಇಬ್ಬರೂ ಒಡೆದ ಏರಿಗೆ ಹೋದರು. ಏರಿಯ ಬುಡ ನಮ್ಮ ಶಾಲೆಯ ಕಟ್ಟಡಕ್ಕಿಂತ ಅಗಲ. ಹುಡುಗಿ ಅದನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿತು. ಒಡೆದ ಕಡೆ ಕೆಳಗೆ ಇಳಿದು ನೋಡಿತು. ಏರಿಯ ಬುಡದಲ್ಲಿ ಮಣ್ಣು ಕಡಿದು ಒಯ್ದ ಗುಂಡಿಯಿತ್ತು. ಕಡಿದ ಗೋಡೆಯ ಮೇಲೆ ಜೆಸಿಬಿ ಹಲ್ಲಿನ ಗೆರೆಗಳು ಇನ್ನೂ ಇದ್ದವು.

ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕು. ಕೆರೆ ಸಂಘದ ಅಧ್ಯಕ್ಷರು ನನ್ನ ಗಂಡನ ಅಣ್ಣ, ನನ್ನ ಭಾವ. ಅವರಿಗೆ ಇಟ್ಟಂಗಿ ಭಟ್ಟಿ ಇತ್ತು. ಭಟ್ಟಿಗೆ ಮಣ್ಣು ಎಲ್ಲಿಂದ ಬರುತ್ತದೆಂದು ಊರಲ್ಲಿ ಯಾರೂ ಕೇಳಿರಲಿಲ್ಲ. ಅವರ ಹೆಂಡತಿ, ನನ್ನ ನೆಗೆಣ್ಣಿ, ನಾನು ಅಕ್ಕ ಎನ್ನುತ್ತಿದ್ದವಳು. ಹಳಿಯಾಳದ ಕಡೆಯ ಹೆಣ್ಣು. ಮದುವೆಯಾಗಿ ಬಂದ ನನಗೆ ಆ ಮನೆಯಲ್ಲಿ ಉಸಿರಾಡಲು ಕಲಿಸಿದವಳು ಅವಳು. ನನ್ನ ಎರಡು ಬಾಣಂತನಕ್ಕೂ ನೀರು ಹಾಕಿದವಳು ಅವಳು. ಅವಳ ಮಗ ನಮ್ಮ ಶಾಲೆಯಲ್ಲೇ ಮೂರನೆಯ ತರಗತಿಯಲ್ಲಿದ್ದ.

ಬೇಸಿಗೆಯಲ್ಲಿ ಏರಿ ಕಟ್ಟುವ ಕೆಲಸ ಶುರುವಾಯಿತು. ಅಧಿಕಾರಿಗಳು ಬಂದರು, ಪೂಜೆ ಆಯಿತು, ಶಾಲೆಯ ಮಕ್ಕಳನ್ನೂ ಕೂರಿಸಿದ್ದರು. ಭಾವ ಮೈಕು ಹಿಡಿದು ಸತ್ತವರನ್ನು ನೆನೆದರು. ಇನ್ನು ಮುಂದೆ ಮಕ್ಕಳು ಏರಿಯ ಮೇಲೆ ಏಡಿ ತೋಡಬಾರದು, ಆಟದಿಂದ ಏನಾಗುತ್ತದೆಂದು ನೋಡಿದ್ದೀರಿ ಎಂದರು. ಮಕ್ಕಳ ಸಾಲಿನಲ್ಲಿ ಆ ಹುಡುಗಿ ಎದ್ದು ನಿಂತಿತು.

"ಏಡಿ ತೂತು ನನ್ನ ಮೊಣಕೈ ಮ್ಯಾಲ ಇಷ್ಟ ಬರ್ತೈತ್ರಿ. ನಾ ಕೈ ಹಾಕಿ ನೋಡೇನಿ. ಅಲ್ಲೆ ಬುಡದಾಗ ಮಣ್ಣ ತಗದದ್ದು ಜೆಸಿಬಿರಿ."

ಹುಡುಗಿ ಬಲಗೈ ಚಾಚಿ ಗುಂಡಿ ತೋರಿಸಿತು. ಅಧಿಕಾರಿಯೊಬ್ಬರು ಎದ್ದು ಅತ್ತ ನಡೆದರು. ಉಳಿದವರೂ ಹಿಂದೆ ಹೋದರು. ಸಿಬಿಟಿ ಮೇಡಮ್ ಜನರ ಹಿಂದೆ ಕೈಕಟ್ಟಿ ನಿಂತಿದ್ದಳು. ನೀನೇ ಹೇಳಿಕೊಟ್ಟೆಯಾ ಎಂದು ನಾನು ಹತ್ತಿರ ಹೋಗಿ ಕೇಳಿದೆ, ಏಕವಚನದಲ್ಲೇ. ನಾನು ಪೊಲೀಸಲ್ಲ, ನನಗೆ ಅವಳು ಬಲಗೈಯಲ್ಲಿ ಬರೆದರೆ ಸಾಕಿತ್ತು ಎಂದಳು.

ಆಮೇಲೆ ಆದದ್ದು ಊರಿಗೆಲ್ಲ ಗೊತ್ತು. ಭಾವನ ಮೇಲೆ ಕೇಸಾಯಿತು, ಕೆಲವು ಕಾಲ ಒಳಗಿದ್ದು ಬಂದರು. ಆ ಮೇಡಮ್ಮನನ್ನು ಶಾಲೆಯಲ್ಲಿ ಇರಗೊಟ್ಟವಳು ನಾನು ಎಂದು ಅತ್ತೆ ನನ್ನ ಮುಖ ನೋಡುವುದು ಬಿಟ್ಟರು. ಊರ ಮಕ್ಕಳು ಭಾವನ ಮಗನಿಗೆ ಕೆರಿಗಳ್ಳನ ಮಗ ಎಂದು ಹೆಸರಿಟ್ಟರು. ನನ್ನ ತರಗತಿಯಲ್ಲೇ. ಎಷ್ಟು ಗದರಿದರೂ ನಿಲ್ಲಲಿಲ್ಲ. ಅವನು ಮಾತು ಬಿಟ್ಟ. ಅಕ್ಕ ಅವನನ್ನು ಕರೆದುಕೊಂಡು ಹಳಿಯಾಳದ ತವರಿಗೆ ಹೋದಳು. ಹೋಗುವ ದಿನ ನನ್ನನ್ನು ಕರೆಯಲಿಲ್ಲ. ನಾವು ಪಾಲು ತೆಗೆದುಕೊಂಡು ಮುಂಡಗೋಡಕ್ಕೆ ಬಂದೆವು. ನಾನು ಎಷ್ಟೋ ಸಲ ಫೋನು ಮಾಡಿದೆ, ಅಕ್ಕ ಎತ್ತಲಿಲ್ಲ.

ಸಿಬಿಟಿ ಮೇಡಮ್ ಕೆಲಸ ಮುಗಿಸಿ ಹೊರಟುಹೋದಳು. ಮಕ್ಕಳು ನಲ್ಲಿಯ ಕೆಳಗೆ ಆಡುತ್ತಿದ್ದರು, ಆಕೆ ಹಾಕಿದ ಬೂಟಿನ ನಡಿಗೆ ಅಣಕಿಸುತ್ತಿದ್ದರು. ಅದೆಲ್ಲ ಸರಿ. ನಮ್ಮ ಮನೆ ಏನಾಯಿತೆಂದು ಮಾತ್ರ ಆಕೆ ಕೇಳಲಿಲ್ಲ.

ಒಂದೆರಡು ವರ್ಷದ ಮೇಲೆ ಮುಂಡಗೋಡದ ಸಂತೆಯಲ್ಲಿ ಸಿಕ್ಕಳು. ಬದನೆಕಾಯಿ ಹುಳುಕೆಂದು ಮಾರುವವಳ ಜೊತೆ ಜಗಳವಾಡುತ್ತಿದ್ದಳು. ನಾನು ಎದುರಿಗೆ ನಿಂತೆ. ಎಷ್ಟು ದಿನದಿಂದ ಒಳಗೆ ಇಟ್ಟುಕೊಂಡಿದ್ದೆನೋ ಅದೆಲ್ಲ ಹೇಳಿದೆ. ನಿಮ್ಮಿಂದ ನಮ್ಮ ಮನೆ ಒಡೆಯಿತು, ನನಗೆ ತಾಯಿಯಂಥವಳು ನನ್ನ ಮೇಲೆ ಮುನಿದು ಹೋದಳು, ಊರ ಮಕ್ಕಳನ್ನು ಉಳಿಸಿ ನಮ್ಮ ಮಗುವನ್ನು ಬೀದಿಗೆ ಬಿಟ್ಟಿರಿ ಎಂದೆ. ಸಂತೆಯ ಜನ ನಿಂತು ನೋಡುತ್ತಿದ್ದರು.

"ಹುಡುಗಿ ಸುಳ್ಳ ಹೇಳಿದ್ಲೇನ್ರಿ ಟೀಚರ್?"

"ಇಲ್ಲ."

"ಮತ್ತ?"

ಅಷ್ಟೇ ಹೇಳಿ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಆಕೆ ಕೇಳಿದ್ದು ಸರಿಯೇ ಇತ್ತು. ಅದಕ್ಕೇ ಸಿಟ್ಟು ಇಷ್ಟು ವರ್ಷ ಆರಲಿಲ್ಲ.

ಆಕೆ ಸತ್ತ ಮೇಲೆ ಅಂಬೇವಾಡಿಯಲ್ಲಿ ಒಂದು ಸಭೆ ಇಟ್ಟಿದ್ದರು. ಹೋಗದಿದ್ದರೆ ಜನ ಆಡಿಕೊಳ್ಳುತ್ತಾರೆಂದು ಹೋದೆ. ಸಣ್ಣ ಸಭಾಭವನ, ಮಾಲೆ ಹಾಕಿದ ಫೋಟೋ. ಫೋಟೋದಲ್ಲೂ ನಕ್ಕಿರಲಿಲ್ಲ. ಒಬ್ಬರು ಎದ್ದು ಮೃದುಭಾಷಿಗಳಾಗಿದ್ದರು ಎಂದರು. ಜೋಯಿಡಾ ಕಡೆಯಿಂದ, ಕುಂಬಾರವಾಡದಿಂದಲೂ ಜನ ಬಂದಿದ್ದರು. ಅಲ್ಲಿಗೆ ದಿನಕ್ಕೆ ಒಂದೆರಡೇ ಬಸ್ಸು, ತಪ್ಪಿದರೆ ಈಕೆ ಅಲ್ಲಿನ ಮಕ್ಕಳಿಗಾಗಿ ಕಾಡಿನ ದಾರಿಯಲ್ಲಿ ನಡೆದೇ ಬರುತ್ತಿದ್ದಳಂತೆ. ನಾನು ಎದ್ದು ಹೊರಡಬೇಕೆಂದಿದ್ದೆ. ಆಗ ಹಿಂದಿನ ಸಾಲಿನಲ್ಲಿ ಅಕ್ಕ ಕಂಡಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಮೀಸೆ ಮೂಡಿದ ಎತ್ತರದ ಹುಡುಗ. ಅವನು ನನ್ನನ್ನು ನೋಡಿ ಎದ್ದು ಬಂದು ಕಾಲಿಗೆ ಬಿದ್ದ. ಕಾಕಿ, ಆರಾಮದೀರಿ ಎಂದು ಕೇಳಿದ. ಮಾತು ಬಿಟ್ಟಿದ್ದವನ ಮಾತು.

ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಟ್ಟು ಮುಂದಿನ ಬಸ್ಸಿಗೆ ಬರುತ್ತೇನೆಂದು ಅವನು ನಿಂತ. ಅಕ್ಕ ಹೊರಗೆ ಬಂದಳು. ನೀವು ಇಲ್ಲಿ ಹೇಗೆ ಎಂದು ಕೇಳಿದೆ.

ಅಕ್ಕ ನಿಧಾನಕ್ಕೆ ಹೇಳಿದಳು. ತಾನು ಊರು ಬಿಟ್ಟು ಹೋದ ವಾರವೇ ಈಕೆ ಹಳಿಯಾಳದ ಮನೆಗೆ ಬಂದಿದ್ದಳಂತೆ. ಅಕ್ಕನ ಅಪ್ಪ ಬಾಗಿಲು ಮುಚ್ಚಿದರು. ಈಕೆ ಸಂಜೆಯವರೆಗೆ ಕಟ್ಟೆಯ ಮೇಲೆ ಕೂತಿದ್ದಳು. ದೊಡ್ಡವರ ಲೆಕ್ಕ ದೊಡ್ಡವರು ನೋಡಿಕೊಳ್ಳಿ, ಹುಡುಗನನ್ನು ಮಾತ್ರ ನನ್ನ ಹತ್ತಿರ ಕಳಿಸಿ ಎಂದು ಒಳಗಿನವರಿಗೆ ಕೇಳುವಂತೆ ಕೂಗಿದಳು. ಆಮೇಲೆ ನಾಲ್ಕು ವರ್ಷ, ಶನಿವಾರಕ್ಕೊಮ್ಮೆ ಅಂಬೇವಾಡಿಯ ಆಕೆಯ ಮನೆಗೆ ಅಕ್ಕ ಮಗನನ್ನು ಕರೆತಂದಳು. ಏರಿಯ ಮಣ್ಣು ತೆಗೆದ ದಿನ ಅವನು ಅಪ್ಪನ ಜೊತೆ ಜೆಸಿಬಿಯ ಮೇಲೆ ಕೂತು ಹಾರ್ನು ಒತ್ತಿದ್ದನಂತೆ. ಅಪ್ಪನ ಜೊತೆ ತಾನೂ ಅಷ್ಟು ಜನರನ್ನು ಮುಳುಗಿಸಿದೆ ಎಂದು ಆ ಮಗು ನಂಬಿಬಿಟ್ಟಿತ್ತು. ಮೊದಲ ಮಾತು ಆಡಲು ಎಂಟು ತಿಂಗಳು ಹಿಡಿಯಿತಂತೆ. ಆ ಎಂಟು ತಿಂಗಳೂ ಈಕೆ ಏನೂ ಕೇಳದೆ ಅವನ ಪಕ್ಕ ಕೂತು ಶೇಂಗಾ ಬಿಡಿಸಿದಳಂತೆ.

"ನನಗೊಂದು ಮಾತ ಹೇಳಬಾರದಿತ್ತೇನಕ್ಕಾ?"

"ಯಾರಿಗೂ ಹೇಳಬ್ಯಾಡ್ರಿ ಅಂದಿದ್ಲು. ಟೀಚರಿಗಂತೂ ಬ್ಯಾಡ. ಆಕಿ ಬಂದು ಹುಡುಗನ್ನ ಅಪ್ಪಿಕೊಂಡು ಪಾಪ ಅಂತಾಳ, ನನ್ನ ಕೆಲಸ ಕೆಡತೈತಿ ಅಂದ್ಲು. ಹುಡುಗ ಸರಿ ಆದ ಮ್ಯಾಲೆ ಹೇಳೂಣು ಅಂತ ನಾನೂ ಸುಮ್ನಾದೆ. ಅಷ್ಟೊತ್ತಿಗೆ ಹೆಂಗ ಮಾತಾಡಸೂದು ತಿಳೀಲಿಲ್ಲ."

ನನಗೆ ಅಳು ಬರಲಿಲ್ಲ. ಮೈಯೆಲ್ಲ ಬೆಂಕಿಯಾಯಿತು. ಆ ಸಂತೆಯ ದಿನ, ನಮ್ಮ ಮಗುವನ್ನು ಬೀದಿಗೆ ಬಿಟ್ಟಿರಿ ಎಂದು ನಾನು ಅಷ್ಟು ಜನರೆದುರು ಕೂಗಿದಾಗ, ಆ ಮಗು ವಾರಕ್ಕೊಮ್ಮೆ ಆಕೆಯ ಮನೆಯ ಪಡಸಾಲೆಯಲ್ಲಿ ಕೂತು ಮಾತು ಕಲಿಯುತ್ತಿತ್ತು. ಒಂದು ಶಬ್ದ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಚೀಲ ಎತ್ತಿಕೊಂಡು ಹೋದಳು. ಮಗುವನ್ನು ಉಳಿಸಲು ನನ್ನ ಅಕ್ಕನನ್ನು ಇಷ್ಟು ವರ್ಷ ನನ್ನಿಂದ ದೂರ ಇಡಬೇಕಿತ್ತೇ? ಇರಬಹುದು. ಆಕೆಯ ಲೆಕ್ಕ ಸರಿಯೇ ಇದ್ದಿರಬಹುದು. ಲೆಕ್ಕ ಸರಿ ಇದ್ದವರನ್ನೆಲ್ಲ ಕ್ಷಮಿಸಬೇಕೆಂದು ಎಲ್ಲೂ ಬರೆದಿಲ್ಲ.

ಇಷ್ಟನ್ನೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅಕ್ಕನಿಗೆ ಹೇಳಿದೆ. ಅಕ್ಕ ಕೇಳಿ, ನಿನಗೊಬ್ಬಳಿಗೇ ಹೀಗೆ ಮಾಡಿದಳು ಅಂತ ತಿಳಿದೆಯಾ ಎಂದಳು. ತನ್ನನ್ನು ಮಗನ ಎದುರೇ, ನೀನು ಅತ್ತರೆ ಹೊರಗೆ ಹೋಗಿ ಅಳು ಎಂದು ಕೋಣೆಯಿಂದ ಎಬ್ಬಿಸಿದ್ದಳಂತೆ. ತಾನು ಒಯ್ದ ಹೋಳಿಗೆಯನ್ನು ಬಾಗಿಲಲ್ಲೇ ವಾಪಸು ಕಳಿಸಿದ್ದಳಂತೆ.

ಹಳಿಯಾಳದ ಬಸ್ಸು ಬಂತು, ಮುಂಡಗೋಡಕ್ಕೆ ನನಗೂ ಅದೇ ದಾರಿ. ಅಕ್ಕ ಮೊದಲು ಹತ್ತಿ, ಕಿಟಕಿಯ ಕಡೆ ಸರಿದು ನನಗೆ ಜಾಗ ಮಾಡಿದಳು. ಹಳಿಯಾಳ ಬರುವವರೆಗೆ ಇಬ್ಬರೂ ಸೇರಿ ಆಕೆಯನ್ನು ಮನಸಾರೆ ಬೈದೆವು.